ಸ್ವಂತ ಲೆಕ್ಕದ ತಂತ್ರಾಂಶ ಮತ್ತು ವೈರಸ್ ನಿರೋಧಕ: ಕಾವಲನ್ನು ತೆಗೆಯದೆ ಕೆಲಸ ಸಾಗಿಸುವ ಕ್ರಮ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ವ್ಯಾಪಾರ ಮಳಿಗೆಗಳಲ್ಲಿ ರೋಜಕೀರ್ದಿ ಹಾಗೂ ಖಾತೆವಹಿಗಳ ಸ್ಥಾನವನ್ನು ಇಂದು ಬಹುಮಟ್ಟಿಗೆ ಗಣಕಯಂತ್ರವು ವಹಿಸಿಕೊಂಡಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದ ನಂತರವಂತೂ ಗಣಕಯಂತ್ರದ ಸಹಾಯವಿಲ್ಲದೆ ವ್ಯವಹಾರ ನಡೆಸುವುದು ಕಷ್ಟಸಾಧ್ಯವಾಗಿದೆ. ಸಾಮಾನ್ಯ ಲೆಕ್ಕಪತ್ರಗಳಿಗೆ ಸಿದ್ಧ ತಂತ್ರಾಂಶಗಳು ಸಾಕಾಗುತ್ತವೆ. ಆದರೆ ದಲಾಲಿ ಅಂಗಡಿಯಲ್ಲಿ ರೈತರಿಗೆ ಕೊಡುವ ಪಟ್ಟಿ, ಹತ್ತಿ ಜಿನ್ನಿಂಗ್ ಘಟಕದ ಲಾಟುಗಳ ಲೆಕ್ಕ, ವೇಬ್ರಿಜ್‌ನ ತೂಕದ ಚೀಟಿ, ಮೆಣಸಿನಕಾಯಿ ಚೀಲಗಳ ದಾಸ್ತಾನು ಮುಂತಾದವು ಒಂದೊಂದು ಮಳಿಗೆಯಲ್ಲಿ ಒಂದೊಂದು ಬಗೆಯಾಗಿರುತ್ತವೆ. ಆದ್ದರಿಂದ ಹುಬ್ಬಳ್ಳಿ ಅಥವಾ ಧಾರವಾಡದ ಪ್ರೋಗ್ರಾಮರ್ ಒಬ್ಬರಿಂದ ತಮ್ಮ ಪದ್ಧತಿಗೆ ಹೊಂದುವಂತೆ ತಂತ್ರಾಂಶ ಬರೆಸಿಕೊಳ್ಳುವ ವ್ಯಾಪಾರಸ್ಥರೂ ಇದ್ದಾರೆ.

ಹೀಗೆ ಬರೆಸಿಕೊಂಡ ತಂತ್ರಾಂಶವನ್ನು ಅದೇ ಗಣಕಯಂತ್ರದಲ್ಲಿರುವ ವೈರಸ್ ನಿರೋಧಕವು ಆಗಾಗ ವೈರಸ್ಸೆಂದೇ ಭಾವಿಸಿ ತಡೆಹಿಡಿಯುತ್ತದೆ. ಅದನ್ನು ಬರೆಯುವ ಪ್ರೋಗ್ರಾಮರ್‌ಗೂ ಇದೇ ತೊಂದರೆ; ಮಾಲೀಕರಿಗೂ ಇದೇ ತೊಂದರೆ. ಇದು ಕೇವಲ ಯಂತ್ರದ ದೋಷವಲ್ಲ. ಯಾರಿಗೆ, ಎಷ್ಟರ ಮಟ್ಟಿಗೆ, ಯಾರ ಅನುಮತಿಯಿಂದ ಬಾಗಿಲು ತೆರೆಯಬೇಕು ಎಂಬ ಆಂತರಿಕ ನಿಯಂತ್ರಣದ ಪ್ರಶ್ನೆಯೂ ಹೌದು. ಆ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಸಮಸ್ಯೆಯ ಸ್ವರೂಪ

ಒಂದು ಜಿನ್ನಿಂಗ್ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹತ್ತಿಯ ಹಂಗಾಮು. ತಲಾ 170 ಕಿಲೋ ತೂಕದ 100 ಬೇಲುಗಳು, ಅಂದರೆ 17 ಟನ್ ಅರಳೆ, ಲಾರಿಯಲ್ಲಿ ತುಂಬಿ ಹೊರಡಲು ಸಿದ್ಧವಾಗಿದೆ. ಹಿಂದಿನ ಸಂಜೆ ಪ್ರೋಗ್ರಾಮರ್ ಬಿಲ್ಲಿನ ತಂತ್ರಾಂಶದ ಹೊಸ ಆವೃತ್ತಿಯನ್ನು ಕಳುಹಿಸಿದ್ದಾರೆ. ಬೆಳಿಗ್ಗೆ ಗುಮಾಸ್ತರು ಅದನ್ನು ತೆರೆಯಹೋದರೆ ಪರದೆಯ ಮೂಲೆಯಲ್ಲಿ ಅಪಾಯದ ಸೂಚನೆ ಬಂದು, ತಂತ್ರಾಂಶದ ಮುಖ್ಯ ಕಡತವೇ ಕಾಣೆಯಾಗುತ್ತದೆ. ವೈರಸ್ ನಿರೋಧಕವು ಅದನ್ನು ಕ್ವಾರಂಟೈನ್ ಎಂಬ ತನ್ನ ಬಂದೀಖಾನೆಗೆ ಸೇರಿಸಿರುತ್ತದೆ. ಲಾರಿ ನಿಂತಿದೆ, ಚಾಲಕರು ಅವಸರಪಡಿಸುತ್ತಿದ್ದಾರೆ, ಬಿಲ್ಲು ಆಗುತ್ತಿಲ್ಲ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಕ್ರಮ ಕೈಗೊಳ್ಳಲಾಗುತ್ತದೆ. ವೈರಸ್ ನಿರೋಧಕವನ್ನು ಬಂದ್ ಮಾಡುವುದು. ಅದನ್ನು ಪೂರ್ತಿಯಾಗಿ ತೆಗೆದುಹಾಕುವುದು. ಇಲ್ಲವೆ ಇಡೀ ಸಿ ಡ್ರೈವನ್ನೇ ತಪಾಸಣೆಯಿಂದ ಹೊರಗಿಡುವುದು. ಮೂರರಿಂದಲೂ ಅಂದಿನ ಬಿಲ್ಲು ಆಗುತ್ತದೆ. ಆದರೆ ಮೂರರಲ್ಲಿಯೂ ಗೋದಾಮಿನ ಬಾಗಿಲು ತೆರೆದೇ ಉಳಿಯುತ್ತದೆ. ಹಂಗಾಮು ಮುಗಿದ ಮೇಲೂ ಅದನ್ನು ಮುಚ್ಚಬೇಕೆಂಬ ನೆನಪು ಯಾರಿಗೂ ಇರುವುದಿಲ್ಲ. ಲೆಕ್ಕಪರಿಶೋಧನೆಯ ವೇಳೆ ಗಣಕಯಂತ್ರವನ್ನು ನೋಡಿದಾಗ, ಎಂದೋ ಯಾರೋ ಯಾವ ಕಾರಣಕ್ಕೋ ಕೊಟ್ಟ ಇಂತಹ ವಿನಾಯಿತಿಗಳು ಹಾಗೆಯೇ ಉಳಿದಿರುವುದು ಕಂಡುಬರುತ್ತದೆ.

2. ವೈರಸ್ ನಿರೋಧಕವು ಹೇಗೆ ತೀರ್ಮಾನಿಸುತ್ತದೆ?

ಪರಿಹಾರಕ್ಕೆ ಮುನ್ನ ಕಾರಣವನ್ನು ತಿಳಿಯುವುದು ಅವಶ್ಯ. ವೈರಸ್ ನಿರೋಧಕವು ಮುಖ್ಯವಾಗಿ ಮೂರು ರೀತಿಯಲ್ಲಿ ಪರೀಕ್ಷಿಸುತ್ತದೆ.

ಮೊದಲನೆಯದು ಗುರುತಿನ ಪರೀಕ್ಷೆ. ಪೊಲೀಸ್ ಠಾಣೆಯ ಫಲಕದಲ್ಲಿ ಕಳ್ಳರ ಭಾವಚಿತ್ರಗಳಿರುವಂತೆ, ಈಗಾಗಲೇ ಪತ್ತೆಯಾದ ವೈರಸ್‌ಗಳ ಗುರುತುಗಳ ಪಟ್ಟಿ ಅದರ ಬಳಿ ಇರುತ್ತದೆ. ಕಡತದ ಯಾವುದಾದರೂ ಭಾಗ ಆ ಪಟ್ಟಿಗೆ ಹೊಂದಿದರೆ ಹಿಡಿಯುತ್ತದೆ.

ಎರಡನೆಯದು ನಡತೆಯ ಪರೀಕ್ಷೆ. ಕಡತದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ, ಅದು ಮಾಡುವ ಕೆಲಸ ಸಂಶಯಾಸ್ಪದವಾಗಿದ್ದರೆ ತಡೆಯುತ್ತದೆ. ಅಂತರ್ಜಾಲದಿಂದ ಇನ್ನೊಂದು ಕಡತವನ್ನು ತಂದು ತಾನೇ ಚಲಾಯಿಸುವುದು, ಕೀಲಿಮಣೆಯ ಪ್ರತಿಯೊಂದು ಒತ್ತನ್ನು ಗಮನಿಸುವುದು, ಒಮ್ಮೆಗೇ ನೂರಾರು ಕಡತಗಳನ್ನು ಬದಲಾಯಿಸುವುದು ಇಂತಹ ಕೆಲಸಗಳು.

ಮೂರನೆಯದು ಪರಿಚಯದ ಪರೀಕ್ಷೆ. ಈ ಕಡತವನ್ನು ಜಗತ್ತಿನಲ್ಲಿ ಎಷ್ಟು ಗಣಕಯಂತ್ರಗಳು ಕಂಡಿವೆ, ಎಷ್ಟು ದಿನಗಳಿಂದ ಕಂಡಿವೆ, ಇದನ್ನು ತಯಾರಿಸಿದವರು ಯಾರು ಎಂದು ಕಂಪನಿಯ ಕೇಂದ್ರ ಗಣಕಯಂತ್ರವನ್ನು ವಿಚಾರಿಸುತ್ತದೆ. ಇದು ವ್ಯಾಪಾರಸ್ಥರಿಗೆ ಹೊಸ ರೀತಿಯೇನೂ ಅಲ್ಲ. ಪೇಟೆಯಲ್ಲಿ ಯಾರೂ ಅರಿಯದ ಗಿರಾಕಿ ಬಂದು ದೊಡ್ಡ ಮೊತ್ತದ ಉದ್ರಿ ಕೇಳಿದರೆ ನಾವು ಕೊಡುವುದಿಲ್ಲ. ಆತ ಕಳ್ಳನೆಂದಲ್ಲ, ಆತನನ್ನು ಬಲ್ಲವರಿಲ್ಲ ಎಂದು.

3. ಸ್ವಂತ ತಂತ್ರಾಂಶವೇ ಏಕೆ ಹೆಚ್ಚಾಗಿ ಸಿಕ್ಕಿಬೀಳುತ್ತದೆ?

ಮೇಲಿನ ಎರಡನೆಯ ಹಾಗೂ ಮೂರನೆಯ ಪರೀಕ್ಷೆಗಳಲ್ಲಿ ನಮ್ಮ ತಂತ್ರಾಂಶ ಅನುತ್ತೀರ್ಣವಾಗುವುದು ಸಹಜ. ಪ್ರೋಗ್ರಾಮರ್ ಒಂದು ಸಾಲನ್ನು ತಿದ್ದಿ ಮತ್ತೆ ಕಡತ ತಯಾರಿಸಿದರೂ ಅದು ಗಣಕಯಂತ್ರದ ಲೆಕ್ಕದಲ್ಲಿ ಹೊಚ್ಚಹೊಸ ಕಡತ. ಅದನ್ನು ಕಂಡದ್ದು ಜಗತ್ತಿನಲ್ಲಿ ಎರಡೇ ಯಂತ್ರಗಳು, ಅವರದೊಂದು, ನಮ್ಮದೊಂದು. ಪರಿಚಯ ಶೂನ್ಯ.

ನಡತೆಯೂ ಸಂಶಯಕ್ಕೆ ಎಡೆಮಾಡುತ್ತದೆ. ತಂತ್ರಾಂಶವು ತನ್ನ ಹೊಸ ಆವೃತ್ತಿಯನ್ನು ತಾನೇ ಇಳಿಸಿಕೊಂಡು ಅಳವಡಿಸಿಕೊಳ್ಳುವಂತೆ ಬರೆದಿದ್ದರೆ, ಅನೇಕ ವೈರಸ್‌ಗಳು ಮಾಡುವುದೂ ಅದನ್ನೇ. ರೈತರ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಲು ಕೀಲಿಮಣೆಯ ಒತ್ತುಗಳನ್ನು ಹಿಡಿದು ಕನ್ನಡ ಅಕ್ಷರಗಳಾಗಿ ಬದಲಿಸುವ ಏರ್ಪಾಡು ಅದರಲ್ಲಿದ್ದರೆ, ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಒತ್ತುಗಳನ್ನು ಹಿಡಿಯುತ್ತದೆ. ಉದ್ದೇಶ ಬೇರೆಯಾದರೂ ಹೊರನೋಟಕ್ಕೆ ನಡತೆ ಒಂದೇ. ಕಡತದ ಗಾತ್ರವನ್ನು ಕುಗ್ಗಿಸಲು ಅಥವಾ ನಕಲು ತಡೆಯಲು ಪ್ರೋಗ್ರಾಮರ್ ಅದನ್ನು ಒತ್ತಿ ಸುತ್ತಿಟ್ಟಿದ್ದರೆ, ಒಳಗೇನಿದೆ ಎಂದು ಕಾಣದ ಕಾರಣ ಸಂಶಯ ಇನ್ನೂ ಹೆಚ್ಚುತ್ತದೆ.

ಹೆಸರಾಂತ ತಂತ್ರಾಂಶವೂ ಒಂದು ಕಾಲಕ್ಕೆ ಯಾರೂ ಅರಿಯದ್ದೇ ಆಗಿತ್ತು. ಬೆಂಗಳೂರಿನ ಉದ್ಯಮಿ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ದೊರೆಯದೆ ತಮ್ಮ ಪುತ್ರ ಭರತ್ ಗೋಯೆಂಕಾ ಅವರಿಂದ ಬರೆಸಿದ್ದೇ 1986ರಲ್ಲಿ ಆರಂಭವಾದ ಇಂದಿನ ಟ್ಯಾಲಿಯ ಮೂಲ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆದ್ದರಿಂದ ಸ್ವಂತಕ್ಕೆ ತಂತ್ರಾಂಶ ಬರೆಸಿಕೊಳ್ಳುವುದು ತಪ್ಪೂ ಅಲ್ಲ, ಸಣ್ಣತನವೂ ಅಲ್ಲ. ಅದಕ್ಕೆ ತಕ್ಕ ಪರಿಚಯಪತ್ರ ಒದಗಿಸುವುದಷ್ಟೇ ಬಾಕಿ.

4. ಕಾವಲುಗಾರನೂ ತಪ್ಪುತ್ತಾನೆ, ಕಾವಲಿಲ್ಲದಿದ್ದರೂ ನಡೆಯದು

ವೈರಸ್ ನಿರೋಧಕದ ತೀರ್ಮಾನ ಅಂತಿಮ ಸತ್ಯವಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿಯ ಒಂದು ಪರಿಷ್ಕರಣೆಯು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ಸೆಂದು ಹಿಡಿದು, ಅನೇಕ ದೇಶಗಳಲ್ಲಿ ಗಣಕಯಂತ್ರಗಳು ಕೆಲಸ ನಿಲ್ಲಿಸಿದವು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಕಂಪನಿಯ ತಂತ್ರಾಂಶವು ತನ್ನದೇ ಪರಿಷ್ಕರಣೆಯ ಕಡತವನ್ನು ವೈರಸ್ಸೆಂದು ಬಂಧಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು.

ಇದರ ಇನ್ನೊಂದು ಮುಖವೂ ಇದೆ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿ, ಬಿಡುಗಡೆಗೆ ಹಣ ಕೇಳಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ನೀಡಿತ್ತು. ಪರಿಷ್ಕರಣೆ ಮಾಡಿಕೊಳ್ಳದವರು ಸಿಕ್ಕಿಬಿದ್ದರು. ಊರು ಚಿಕ್ಕದೆಂದೋ ಅಂಗಡಿ ಚಿಕ್ಕದೆಂದೋ ರಾನ್ಸಮ್‌ವೇರ್ ಬಿಡುವುದಿಲ್ಲ. ಬಾಗಿಲು ತೆರೆದಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ.

5. ತಡೆ ಬಂದಾಗ ಕೈಗೊಳ್ಳಬೇಕಾದ ಕ್ರಮ

(ಅ) ಸೂಚನೆಯನ್ನು ಓದದೆ ‘ಅಲೋ’ ಒತ್ತಬಾರದು. ಸೂಚನೆಯಲ್ಲಿರುವ ವೈರಸ್ಸಿನ ಹೆಸರು, ಕಡತದ ಹೆಸರು, ಅದು ಇರುವ ಸ್ಥಳ, ದಿನಾಂಕ, ವೇಳೆ ಇವುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು.

(ಆ) ವ್ಯಾಪಾರವನ್ನು ನಿಲ್ಲಿಸಬೇಕಾಗಿಲ್ಲ. ಜಿ.ಎಸ್.ಟಿ. ನಿಯಮಾವಳಿಯ 46ನೇ ನಿಯಮದ ಪ್ರಕಾರ ಬಿಲ್ಲುಗಳಿಗೆ ಒಂದಕ್ಕಿಂತ ಹೆಚ್ಚು ಅನುಕ್ರಮ ಶ್ರೇಣಿಗಳನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಬೇರೆ ಶ್ರೇಣಿಯ ಒಂದು ಮುದ್ರಿತ ಬಿಲ್ ಪುಸ್ತಕವನ್ನು ಸದಾ ಸಿದ್ಧವಾಗಿಟ್ಟಿರಬೇಕು. ರೂ. 50,000ಕ್ಕೆ ಮೀರಿದ ಸರಕಿನ ಸಾಗಣೆಗೆ ಬೇಕಾದ ಇ-ವೇ ಬಿಲ್ಲನ್ನು ಸ್ವಂತ ತಂತ್ರಾಂಶವಿಲ್ಲದೆಯೂ ನೇರವಾಗಿ ಸರ್ಕಾರಿ ಪೋರ್ಟಲ್‌ನಲ್ಲಿ ತೆಗೆಯಬಹುದು. ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ, ಪೋರ್ಟಲ್‌ನ ಲಾಗಿನ್ ವಿವರಗಳು ಪ್ರೋಗ್ರಾಮರ್ ಬಳಿ ಮಾತ್ರ ಇರದೆ ಮಾಲೀಕರ ಬಳಿಯೂ ಇರಬೇಕು. ಕೈಬಿಲ್ಲಿನ ವಿವರಗಳನ್ನು ಅದೇ ದಿನ ಅಥವಾ ಮರುದಿನ ತಂತ್ರಾಂಶದಲ್ಲಿ ದಾಖಲಿಸಬೇಕು.

(ಇ) ಪ್ರೋಗ್ರಾಮರ್‌ರನ್ನು ಸಂಪರ್ಕಿಸಿ ಎರಡು ಪ್ರಶ್ನೆ ಕೇಳಬೇಕು. ತಾವು ಹೊಸ ಆವೃತ್ತಿ ಕಳುಹಿಸಿರುವಿರಾ? ಆ ಕಡತದ ಎಸ್‌ಎಚ್‌ಎ-256 ಗುರುತು ಏನು? ಪ್ರತಿಯೊಂದು ಕಡತಕ್ಕೂ ಹೆಬ್ಬೆಟ್ಟಿನ ಗುರುತಿನಂತೆ 64 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ವಿಂಡೋಸ್‌ನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶದಿಂದ ಇದನ್ನು ತೆಗೆಯಬಹುದು. ಆದ್ದರಿಂದ ಆವೃತ್ತಿ ತಲುಪಿದ ಕೂಡಲೇ ಗುರುತನ್ನು ತಾಳೆ ನೋಡಿ ಬರೆದಿಡುವುದು ಉತ್ತಮ.

(ಈ) ಹೊಸ ಆವೃತ್ತಿ ಬಂದಿದ್ದು, ಗುರುತು ಪ್ರೋಗ್ರಾಮರ್ ಕೊಟ್ಟದ್ದಕ್ಕೆ ಸರಿಯಾಗಿ ಹೊಂದಿದರೆ ತಪ್ಪು ಎಚ್ಚರಿಕೆಯಾಗಿರುವ ಸಂಭವ ಹೆಚ್ಚು. ಆದರೆ ಇಷ್ಟರಿಂದಲೇ ತೃಪ್ತರಾಗಬಾರದು. ಗುರುತು ಹೊಂದಿತೆಂದರೆ ಕಡತವು ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ಅರ್ಥ. ಪ್ರೋಗ್ರಾಮರ್‌ರ ಯಂತ್ರಕ್ಕೇ ಸೋಂಕು ತಗಲಿದ್ದರೆ ಅದು ಇದರಿಂದ ತಿಳಿಯದು. ಅವರು ತಮ್ಮ ಯಂತ್ರವನ್ನು ಪೂರ್ತಿಯಾಗಿ ತಪಾಸಿಸಿ, ಕಡತವನ್ನು ಬೇರೆ ಕಂಪನಿಗಳ ನಿರೋಧಕಗಳಿಂದಲೂ ಪರೀಕ್ಷಿಸಿ ತಿಳಿಸಬೇಕು. ಅನೇಕ ನಿರೋಧಕಗಳಿಂದ ಒಮ್ಮೆಗೇ ಪರೀಕ್ಷಿಸುವ ವೈರಸ್‌ಟೋಟಲ್ ಎಂಬ ತಾಣಕ್ಕೆ ತಂತ್ರಾಂಶದ ಕಡತವನ್ನು ಮಾತ್ರ ಕಳುಹಿಸಬೇಕು. ಅಲ್ಲಿಗೆ ಸೇರಿದ ಕಡತಗಳು ಇತರ ರಕ್ಷಣಾ ಕಂಪನಿಗಳಿಗೂ ದೊರೆಯುವುದರಿಂದ ಲೆಕ್ಕದ ಬ್ಯಾಕಪ್ ಅನ್ನು ಎಂದಿಗೂ ಕಳುಹಿಸಬಾರದು.

(ಉ) ಹೊಸ ಆವೃತ್ತಿ ಬಂದೇ ಇಲ್ಲ, ವರ್ಷಗಟ್ಟಲೆ ನಡೆದ ಹಳೆಯ ಕಡತವನ್ನೇ ಈಗ ಹಿಡಿದಿದೆ ಎಂದಾದರೆ ಹೆಚ್ಚು ಎಚ್ಚರ ಬೇಕು. ಸ್ಯಾಲಿಟಿಯಂತಹ ಕೆಲವು ವೈರಸ್‌ಗಳು ಒಳ್ಳೆಯ ಕಡತಕ್ಕೇ ಅಂಟಿಕೊಳ್ಳುತ್ತವೆ. ಗುರುತು ಹೊಂದದಿದ್ದರೆ ಕಡತವನ್ನು ಬಿಡುಗಡೆ ಮಾಡದೆ, ನೆಟ್‌ವರ್ಕಿನ ತಂತಿಯನ್ನು ತೆಗೆದು, ತಂತ್ರಜ್ಞರನ್ನು ಕರೆಯಿಸಬೇಕು.

6. ವಿನಾಯಿತಿ ಎಂಬುದು ಚೆಕ್ ಇದ್ದಂತೆ

ತಪ್ಪು ಎಚ್ಚರಿಕೆ ಎಂದು ಖಚಿತವಾದ ಮೇಲೆ ವಿನಾಯಿತಿ ಕೊಡಬೇಕು. ಎಲ್ಲ ವೈರಸ್ ನಿರೋಧಕಗಳಲ್ಲಿಯೂ ಇದಕ್ಕೆ ಅವಕಾಶವಿದೆ. ವಿನಾಯಿತಿಯ ಬಗೆಗಳನ್ನು ಚೆಕ್ಕಿಗೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ನಿರೋಧಕವನ್ನು ಬಂದ್ ಮಾಡುವುದು, ಇಡೀ ಡ್ರೈವನ್ನು ಹೊರಗಿಡುವುದು ಅಥವಾ ಚಲಾಯಿಸಬಲ್ಲ ಎಲ್ಲ ಕಡತಗಳಿಗೂ ವಿನಾಯಿತಿ ಕೊಡುವುದು ಸಹಿ ಮಾಡಿದ ಖಾಲಿ ಚೆಕ್ಕಿಗೆ ಸಮಾನ. ಯಾರು ಬೇಕಾದರೂ ಎಷ್ಟು ಬೇಕಾದರೂ ತುಂಬಿಕೊಳ್ಳಬಹುದು.

ಒಂದು ಫೋಲ್ಡರಿಗೆ ಕೊಡುವ ವಿನಾಯಿತಿ ಬೇರರ್ ಚೆಕ್ ಇದ್ದಂತೆ. ಅದರೊಳಗಿನ ಎಲ್ಲ ಉಪಫೋಲ್ಡರುಗಳಿಗೂ ಅದು ಅನ್ವಯಿಸುತ್ತದೆ. ಅದನ್ನು ತಲುಪಿದವರೆಲ್ಲರೂ ನಗದು ಮಾಡಿಕೊಳ್ಳಬಹುದು.

ಪೂರ್ಣ ವಿಳಾಸ ಸಹಿತ ಒಂದೇ ಕಡತಕ್ಕೆ ಕೊಡುವ ವಿನಾಯಿತಿ ಅಡ್ಡಗೆರೆ ಎಳೆದ ಅಕೌಂಟ್ ಪೇಯಿ ಚೆಕ್. ನಾವು ಬರೆಯಬೇಕಾದುದು ಇದನ್ನೇ.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ವಿನಾಯಿತಿಯು ಕಡತದ ಸ್ಥಳ ಮತ್ತು ಹೆಸರನ್ನು ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ. ಅದೇ ಸ್ಥಳದಲ್ಲಿ ಅದೇ ಹೆಸರಿನ ಬೇರೆ ಕಡತ ಬಂದು ಕುಳಿತರೆ ಅದಕ್ಕೂ ವಿನಾಯಿತಿ ದೊರೆಯುತ್ತದೆ. ಆದ್ದರಿಂದ ತಂತ್ರಾಂಶವನ್ನು ಡೆಸ್ಕ್‌ಟಾಪ್‌ನಲ್ಲಿಡದೆ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿಡಬೇಕು. ಅಲ್ಲಿ ಕಡತ ಬದಲಿಸಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಗುಮಾಸ್ತರ ದಿನನಿತ್ಯದ ಲಾಗಿನ್‌ಗೆ ಆ ಅಧಿಕಾರ ಇರಬಾರದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾಲೀಕರ ಬಳಿ ಇರಬೇಕು. ತಿಜೋರಿಯ ಬೀಗದ ಕೈಯನ್ನು ಗಲ್ಲೆಯ ಮೇಲೆ ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ.

ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಟೆಂಪ್ ಫೋಲ್ಡರುಗಳು, ಪೆನ್‌ಡ್ರೈವ್ ಹಾಗೂ ವಾಟ್ಸ್ಆ್ಯಪ್ ಕಡತಗಳು ಇಳಿಯುವ ಸ್ಥಳ ಇವುಗಳಿಗೆ ಯಾವ ಕಾರಣಕ್ಕೂ ವಿನಾಯಿತಿ ಸಲ್ಲದು.

7. ವಿಂಡೋಸ್‌ನಲ್ಲಿ ವಿನಾಯಿತಿ ಕೊಡುವ ವಿಧಾನ

2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಡಿಫೆಂಡರ್ ಎಂಬ ಸಂಪೂರ್ಣ ನಿರೋಧಕವು ವಿಂಡೋಸ್‌ನೊಂದಿಗೇ ಬರುತ್ತದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದ ಬೇರೆ ನಿರೋಧಕವನ್ನು ಅಳವಡಿಸಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಹಿಂದೆ ಸರಿಯುತ್ತದೆ. ಒಂದೇ ಯಂತ್ರದಲ್ಲಿ ಎರಡು ನಿರೋಧಕಗಳನ್ನು ಒಟ್ಟಿಗೆ ನಡೆಸಬಾರದು.

ಡಿಫೆಂಡರ್ ಬಳಸುವವರು ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಭಾಗದಲ್ಲಿ ಆಡ್ ಆರ್ ರಿಮೂವ್ ಎಕ್ಸ್‌ಕ್ಲೂಷನ್ಸ್ ಎಂಬಲ್ಲಿಗೆ ಹೋಗಬೇಕು. ಅಲ್ಲಿ ಫೈಲ್, ಫೋಲ್ಡರ್, ಫೈಲ್ ಟೈಪ್, ಪ್ರೋಸೆಸ್ ಎಂಬ ನಾಲ್ಕು ಆಯ್ಕೆಗಳಿರುತ್ತವೆ. ತಂತ್ರಾಂಶದ ಕಡತವನ್ನೇ ವೈರಸ್ಸೆಂದು ಹಿಡಿಯುತ್ತಿದ್ದರೆ ‘ಫೈಲ್’ ಆಯ್ಕೆ ಸರಿ. ಕಡತವನ್ನು ಹಿಡಿಯದೆ, ಅದು ತೆರೆಯುವ ದತ್ತಾಂಶವನ್ನು ಪ್ರತಿ ಬಾರಿ ತಪಾಸಿಸುವುದರಿಂದ ಕೆಲಸ ಬಹಳ ನಿಧಾನವಾಗುತ್ತಿದ್ದರೆ ‘ಪ್ರೋಸೆಸ್’ ಆಯ್ಕೆ ಉಪಯುಕ್ತ. ಅಲ್ಲಿ ಬರಿಯ ಹೆಸರನ್ನು ಕೊಡದೆ ಪೂರ್ಣ ವಿಳಾಸ ಕೊಡಬೇಕು. ‘ಫೈಲ್ ಟೈಪ್’ ಆಯ್ಕೆಯನ್ನು ಮುಟ್ಟದಿರುವುದೇ ಲೇಸು. ಅನಂತರ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಬಂಧಿತ ಕಡತವನ್ನು ಗುರುತಿಸಿ ‘ರಿಸ್ಟೋರ್’ ಮಾಡಬಹುದು.

ವಿನಾಯಿತಿ ಕೊಟ್ಟರೂ ತಡೆ ನಿಲ್ಲಲಿಲ್ಲ ಎಂಬ ದೂರು ಕೆಲವೊಮ್ಮೆ ಬರುತ್ತದೆ. ಅದಕ್ಕೆ ಕಾರಣ ಬೇರೆ ಎರಡು ತಡೆಗಳು. ಅಂತರ್ಜಾಲದಿಂದ ಬಂದ ಅಪರಿಚಿತ ಕಡತವನ್ನು ತೆರೆಯುವಾಗ ನೀಲಿ ಕಿಟಕಿಯೊಂದು ಅಡ್ಡ ಬರುವುದು ಸ್ಮಾರ್ಟ್‌ಸ್ಕ್ರೀನ್‌ನ ಕೆಲಸ. ಅದರಲ್ಲಿ ಮೋರ್ ಇನ್ಫೋ, ರನ್ ಎನಿವೇ ಎಂಬ ದಾರಿಯಿದ್ದರೂ ಗುರುತು ತಾಳೆ ನೋಡದೆ ಅದನ್ನು ಬಳಸಬಾರದು. ಎರಡನೆಯದು 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ರಾನ್ಸಮ್‌ವೇರ್ ತಡೆ. ಇದು ಚಾಲ್ತಿಯಲ್ಲಿದ್ದರೆ ಅಪರಿಚಿತ ತಂತ್ರಾಂಶ ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರುಗಳಲ್ಲಿ ಬರೆಯಲಾಗುವುದಿಲ್ಲ. ತಂತ್ರಾಂಶ ತೆರೆದರೂ ಲೆಕ್ಕ ಉಳಿಯುವುದಿಲ್ಲ. ಇದಕ್ಕೆ ಪ್ರತ್ಯೇಕ ಅನುಮತಿ ಪಟ್ಟಿಯಿದ್ದು, ಅದರಲ್ಲಿ ನಮ್ಮ ತಂತ್ರಾಂಶವನ್ನು ಸೇರಿಸಬೇಕು.

ವಿದ್ಯುತ್ ಹಠಾತ್ತನೆ ಹೋಗಿ ದತ್ತಾಂಶ ಕೆಟ್ಟರೂ ತಂತ್ರಾಂಶ ತೆರೆಯುವುದಿಲ್ಲ. ಎಲ್ಲ ತೊಂದರೆಯನ್ನೂ ನಿರೋಧಕದ ತಲೆಗೆ ಕಟ್ಟುವ ಮುನ್ನ ಪ್ರೊಟೆಕ್ಷನ್ ಹಿಸ್ಟರಿಯನ್ನು ನೋಡಬೇಕು. ಅಲ್ಲಿ ದಾಖಲೆ ಇಲ್ಲದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

8. ಪ್ರೋಗ್ರಾಮರ್‌ರ ಹೊಣೆ

ತೊಂದರೆಯ ಮೂಲ ಅಲ್ಲಿಯೇ ಇರುವುದರಿಂದ ಶಾಶ್ವತ ಪರಿಹಾರವೂ ಬಹುಪಾಲು ಅಲ್ಲಿಯೇ ಇದೆ. ಪ್ರೋಗ್ರಾಮರ್ ದಿನಕ್ಕೆ ಹತ್ತಾರು ಬಾರಿ ಕಡತವನ್ನು ತಯಾರಿಸುತ್ತಾರೆ. ಪ್ರತಿ ಬಾರಿಯೂ ಹೊಸ ಅಪರಿಚಿತ ಕಡತ ಹುಟ್ಟುವುದರಿಂದ ನಿರೋಧಕವು ನಡುವೆಯೇ ಹಿಡಿದು ಕೆಲಸ ಕೆಡಿಸುತ್ತದೆ. ಅವರು ತಮ್ಮ ಯಂತ್ರದಲ್ಲಿ ಕಡತಗಳು ತಯಾರಾಗುವ ಒಂದೇ ಫೋಲ್ಡರಿಗೆ ವಿನಾಯಿತಿ ಕೊಟ್ಟುಕೊಂಡು, ನಮಗೆ ಕಳುಹಿಸಬೇಕಾದ ಕಡತವನ್ನು ವಿನಾಯಿತಿ ಇಲ್ಲದ ಬೇರೆ ಫೋಲ್ಡರಿಗೆ ತಂದು ತಪಾಸಿಸಿದ ನಂತರವೇ ಕಳುಹಿಸಬೇಕು. ವಿಂಡೋಸ್ 11ರಲ್ಲಿ 2023ರಿಂದ ಪ್ರೋಗ್ರಾಮರ್‌ಗಳಿಗೆಂದೇ ಡೆವ್ ಡ್ರೈವ್ ಎಂಬ ಏರ್ಪಾಡಿದೆ. ಅದರಲ್ಲಿ ತಪಾಸಣೆ ನಿಲ್ಲುವುದಿಲ್ಲ. ಕಡತ ತೆರೆದ ಮೇಲೆ ಹಿಂದಿನಿಂದ ನಡೆಯುವುದರಿಂದ ಕೆಲಸಕ್ಕೆ ಅಡ್ಡಿ ಕಡಿಮೆ. ಈ ಕೆಲಸವೆಲ್ಲ ಅವರ ಯಂತ್ರದಲ್ಲಿ ನಡೆಯಬೇಕು. ನಮ್ಮ ಅಂಗಡಿಯ ಲೆಕ್ಕದ ಯಂತ್ರದಲ್ಲಿಯೇ ಕುಳಿತು ತಂತ್ರಾಂಶ ಬರೆಯಲು ಬಿಡಬಾರದು.

ತಂತ್ರಾಂಶ ಬರೆಸುವಾಗ ಕರಾರಿನಲ್ಲಿ ಈ ಅಂಶಗಳನ್ನು ಸೇರಿಸುವುದು ಉಚಿತ:

1) ಪ್ರತಿ ಆವೃತ್ತಿಯೊಂದಿಗೆ ಆವೃತ್ತಿ ಸಂಖ್ಯೆ, ದಿನಾಂಕ ಹಾಗೂ ಎಸ್‌ಎಚ್‌ಎ-256 ಗುರುತನ್ನು ಬರವಣಿಗೆಯಲ್ಲಿ ಕೊಡತಕ್ಕದ್ದು. ಗುರುತನ್ನು ಕಡತ ಬಂದ ದಾರಿಯಲ್ಲಿಯೇ ಕಳುಹಿಸದೆ ಬೇರೆ ದಾರಿಯಿಂದ ತಿಳಿಸತಕ್ಕದ್ದು.

2) ಕಡತವನ್ನು ಒತ್ತಿ ಸುತ್ತುವ ಸಾಧನಗಳನ್ನು ಬಳಸತಕ್ಕದ್ದಲ್ಲ.

3) ತಪ್ಪು ಎಚ್ಚರಿಕೆ ಬಂದಲ್ಲಿ ಸಂಬಂಧಪಟ್ಟ ನಿರೋಧಕ ಕಂಪನಿಗೆ ಕಡತವನ್ನು ಪರಿಶೀಲನೆಗೆ ಕಳುಹಿಸತಕ್ಕದ್ದು. ಮೈಕ್ರೋಸಾಫ್ಟ್ ಇದಕ್ಕೆ ಪ್ರತ್ಯೇಕ ಪುಟವನ್ನೇ ಇಟ್ಟಿದೆ. ಕಂಪನಿ ಒಪ್ಪಿ ತನ್ನ ಪಟ್ಟಿಯನ್ನು ತಿದ್ದಿದರೆ ವಿನಾಯಿತಿಯ ಅಗತ್ಯವೇ ಉಳಿಯುವುದಿಲ್ಲ.

4) ಸಾಧ್ಯವಿದ್ದಲ್ಲಿ ಕಡತಕ್ಕೆ ತಯಾರಕರ ಡಿಜಿಟಲ್ ಸಹಿ ಹಾಕತಕ್ಕದ್ದು. ಸಹಿ ಇಲ್ಲದ ಪ್ರತಿ ಆವೃತ್ತಿಯ ಪರಿಚಯವೂ ಶೂನ್ಯದಿಂದ ಆರಂಭವಾಗುತ್ತದೆ. ಸಹಿ ಇದ್ದರೆ ಒಳ್ಳೆಯ ಹೆಸರು ಆವೃತ್ತಿಯಿಂದ ಆವೃತ್ತಿಗೆ ಸಾಗಿ ಬರುತ್ತದೆ. ನಾವು ರಿಟರ್ನ್ ಸಲ್ಲಿಸಲು ಬಳಸುವ ಸಹಿ ಇದಕ್ಕೆ ಬರುವುದಿಲ್ಲ. ಇದಕ್ಕೆ ಬೇರೆ ಪ್ರಮಾಣಪತ್ರ ಬೇಕು. ಅದರ ವಾರ್ಷಿಕ ಖರ್ಚು ಇರುವುದರಿಂದ ಒಬ್ಬರೇ ಪ್ರೋಗ್ರಾಮರ್‌ರಿಂದ ತಂತ್ರಾಂಶ ಪಡೆದ ನಾಲ್ಕಾರು ಮಳಿಗೆಗಳು ಸೇರಿ ಹಂಚಿಕೊಳ್ಳಬಹುದು.

5) ಮಾಲೀಕರ ಒಪ್ಪಿಗೆ ಇಲ್ಲದೆ ನಿರೋಧಕವನ್ನು ಬಂದ್ ಮಾಡತಕ್ಕದ್ದಲ್ಲ.

ಹಳೆಯ ಫಾಕ್ಸ್‌ಪ್ರೊ ತಂತ್ರಾಂಶಗಳನ್ನೇ ನಂಬಿಕೊಂಡವರು ಇನ್ನೊಂದು ಮಾತನ್ನು ಗಮನಿಸಬೇಕು. ವಿಷುವಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್‌ನ ಬೆಂಬಲ 2015ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ತಂತ್ರಾಂಶಕ್ಕಾಗಿ ಹಳೆಯ ಯಂತ್ರವನ್ನು ಉಳಿಸಿಕೊಳ್ಳಲೇಬೇಕಾದರೆ ಅದನ್ನು ಅಂತರ್ಜಾಲದಿಂದ ದೂರವಿಡಬೇಕು.

9. ಕಾನೂನಿನ ದೃಷ್ಟಿ

ನಿರೋಧಕವು ತಡೆಯಿತು ಎಂಬುದು ರಿಟರ್ನ್ ತಡವಾದುದಕ್ಕೆ ತಾನಾಗಿಯೇ ವಿನಾಯಿತಿ ತರುವುದಿಲ್ಲ. ಪ್ರತಿ ತಿಂಗಳು ಸಲ್ಲಿಸುವವರ ಜಿ.ಎಸ್.ಟಿ.ಆರ್.-1ಕ್ಕೆ ಮರು ತಿಂಗಳ 11, 3ಬಿಗೆ 20 ಕೊನೆಯ ದಿನ. ತೆರಿಗೆ ಇರುವ 3ಬಿ ತಡವಾದರೆ ಗರಿಷ್ಠ ಮಿತಿಗೊಳಪಟ್ಟು ದಿನಕ್ಕೆ ರೂ. 50 ವಿಳಂಬ ಶುಲ್ಕ, ತೆರಿಗೆಯ ಮೇಲೆ ವಾರ್ಷಿಕ ಶೇ. 18 ಬಡ್ಡಿ ಬೀಳುತ್ತದೆ. ಆದ್ದರಿಂದ ಹೊಸ ಆವೃತ್ತಿಯನ್ನು 10ರಿಂದ 20ನೇ ತಾರೀಖಿನೊಳಗೆ ಅಳವಡಿಸದಿರುವುದು ಜಾಣತನ.

ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕೆಂದು ಜಿ.ಎಸ್.ಟಿ. ಕಾಯಿದೆಯ 36ನೇ ಕಲಮು ವಿಧಿಸುತ್ತದೆ. 2023-24ನೇ ಸಾಲಿಗೆ ಆ ದಿನ 2024ರ ಡಿಸೆಂಬರ್ 31 ಆದ್ದರಿಂದ ಆ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಇರಲೇಬೇಕು. ವಿದ್ಯುನ್ಮಾನ ಲೆಕ್ಕಗಳಿಗೆ ಸರಿಯಾದ ಬ್ಯಾಕಪ್ ಇರಿಸಿ, ನಾಶವಾದರೆ ಯುಕ್ತ ಸಮಯದಲ್ಲಿ ಮರಳಿ ಪಡೆಯುವಂತಿರಬೇಕೆಂದು 57ನೇ ನಿಯಮ ಹೇಳುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿತರಾದವರು 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು, ದಿನನಿತ್ಯ ಬ್ಯಾಕಪ್ ಇರಿಸಬೇಕು. ಸ್ವಂತ ತಂತ್ರಾಂಶಕ್ಕೂ ಇದು ಅನ್ವಯಿಸುತ್ತದೆ.

ವಿನಾಯಿತಿ ಕೊಡುವ ಮುನ್ನ ಒಂದು ಬ್ಯಾಕಪ್ ತೆಗೆದು ಯಂತ್ರದಿಂದ ಬೇರ್ಪಡಿಸಿಡಬೇಕು. ಸದಾ ಯಂತ್ರಕ್ಕೆ ಜೋಡಿಸಿಯೇ ಇರುವ ಹಾರ್ಡ್ ಡಿಸ್ಕಿಗೆ ರಾನ್ಸಮ್‌ವೇರ್ ಕೂಡ ತಲುಪುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಲೆಕ್ಕ ಮರಳಿ ಬರುವುದೇ ಎಂದು ಪರೀಕ್ಷಿಸುವುದೂ ಅವಶ್ಯ.

10. ವಿನಾಯಿತಿ ವಹಿಯ ನಮೂನೆ

ಸಾದಾ ನೋಟ್ ಪುಸ್ತಕದಲ್ಲಿ ಈ ಕೆಳಗಿನಂತೆ ಬರೆದಿಡಬಹುದು:

ಕ್ರಮ ಸಂಖ್ಯೆ ಮತ್ತು ದಿನಾಂಕ:
ತಂತ್ರಾಂಶದ ಹೆಸರು, ಆವೃತ್ತಿ:
ಕಡತದ ಪೂರ್ಣ ವಿಳಾಸ:
ಎಸ್‌ಎಚ್‌ಎ-256 ಗುರುತಿನ ಮೊದಲ 8 ಹಾಗೂ ಕೊನೆಯ 8 ಅಕ್ಷರಗಳು (ಪೂರ್ಣ ಗುರುತಿನ ಪ್ರತಿಯನ್ನು ಅಂಟಿಸಿರಬೇಕು):
ನಿರೋಧಕವು ಕೊಟ್ಟ ಎಚ್ಚರಿಕೆಯ ಹೆಸರು:
ತಪ್ಪು ಎಚ್ಚರಿಕೆ ಎಂದು ದೃಢೀಕರಿಸಿದ ಪ್ರೋಗ್ರಾಮರ್‌ರ ಸಹಿ ಅಥವಾ ಸಂದೇಶದ ದಿನಾಂಕ:
ವಿನಾಯಿತಿಯ ಬಗೆ (ಫೈಲ್ / ಪ್ರೋಸೆಸ್):
ಅನುಮತಿ ನೀಡಿದ ಮಾಲೀಕರ ಸಹಿ:
ಪುನರ್ವಿಮರ್ಶೆಯ ದಿನಾಂಕ:
ವಿನಾಯಿತಿ ತೆಗೆದ ದಿನಾಂಕ:

ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ನಮೂದು ಮಾಡಿ ಹಳೆಯದನ್ನು ಮುಕ್ತಾಯಗೊಳಿಸಬೇಕು. ಪ್ರತಿ ವರ್ಷ ಮಾರ್ಚ್ 31ರಂದು ದಾಸ್ತಾನು ಎಣಿಸುವಂತೆಯೇ ವಿನಾಯಿತಿಗಳ ಪಟ್ಟಿಯನ್ನು ಪರದೆಯಲ್ಲಿ ತೆರೆದು ವಹಿಯೊಂದಿಗೆ ತಾಳೆ ನೋಡಬೇಕು. ವಹಿಯಲ್ಲಿ ಇಲ್ಲದ ವಿನಾಯಿತಿ ಪರದೆಯಲ್ಲಿ ಕಂಡರೆ ಅದನ್ನು ತೆಗೆದುಹಾಕಿ, ಯಾರು ಸೇರಿಸಿದರೆಂದು ವಿಚಾರಿಸಬೇಕು.

ಸಾರಾಂಶವಿಷ್ಟು. ನಿರೋಧಕವನ್ನು ಬಂದ್ ಮಾಡಬಾರದು. ಎಚ್ಚರಿಕೆಯನ್ನು ಪರೀಕ್ಷಿಸದೆ ಒಪ್ಪಲೂಬಾರದು, ತಳ್ಳಿಹಾಕಲೂಬಾರದು. ವಿನಾಯಿತಿಯನ್ನು ಒಂದೇ ಕಡತಕ್ಕೆ, ಬರವಣಿಗೆಯಲ್ಲಿ, ಮಾಲೀಕರ ಸಹಿಯೊಂದಿಗೆ ಕೊಡಬೇಕು. ಸದಸ್ಯ ಬಾಂಧವರು ಮುಂದಿನ ರಿಟರ್ನ್ ಸಲ್ಲಿಸುವ ಮುನ್ನ ತಮ್ಮ ಗಣಕಯಂತ್ರದ ವಿನಾಯಿತಿಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ, ಗೊತ್ತಿಲ್ಲದ ನಮೂದುಗಳ ಬಗ್ಗೆ ತಮ್ಮ ಪ್ರೋಗ್ರಾಮರ್‌ರನ್ನು ವಿಚಾರಿಸಬೇಕೆಂದು ಕೋರಲಾಗಿದೆ.